ಉದ್ದ, ಗಿಡ್ಡ, ಉದ್ದ

ಊರಿಗೆಲ್ಲ ಅವರು ಟೆಸ್ಟಿಂಗ್ ಮಾಮ. ಹೆತ್ತವರು ಇಟ್ಟ ಹೆಸರೊಂದು ಇದ್ದೇ ಇತ್ತು, ಆದರೆ ಅದು ಕರೆಂಟ್ ಬಿಲ್ಲಿನ ಮೇಲೆ ಮಾತ್ರ ಉಳಿದಿತ್ತು. ಆ ಬಿಲ್ಲು ತರುವವನೂ ಬಾಗಿಲಲ್ಲಿ ನಿಂತು "ಟೆಸ್ಟಿಂಗ್ ಮಾಮ ಇದ್ದಾರಾ?" ಎಂದೇ ಕೂಗುತ್ತಿದ್ದ. ಮದುವೆಯಿರಲಿ, ಸಭೆಯಿರಲಿ, ಶಾಲೆಯ ಆಟೋಟವಿರಲಿ, ಮೈಕ್ ಸೆಟ್ಟು ಅವರದೇ. ಕಂಬಕ್ಕೆ ಹಾರ್ನು ಕಟ್ಟಿ, ವೈರು ಎಳೆದು, ಆಂಪ್ಲಿಫೈಯರಿನ ಗುಂಡಿ ತಿರುಗಿಸಿ, ಮೈಕಿನ ತಲೆ ತಟ್ಟಿ "ಹಲೋ, ಹಲೋ, ಟೆಸ್ಟಿಂಗ್" ಎಂದರೆ ಆಚೆ ಬೀದಿಯಲ್ಲಿ ಮಲಗಿದ್ದ ಮಗು ಎದ್ದು ಕೂರುತ್ತಿತ್ತು. ಅಂಥ ಕಂಠ. ಭಾಷಣಕ್ಕೆ ಬಂದ ದೊಡ್ಡವರು ಏನು ಹೇಳಿದರೆಂದು ಮಾರನೇ ದಿನ ಯಾರಿಗೂ ನೆನಪಿರುತ್ತಿರಲಿಲ್ಲ, ಮಾಮನ ಟೆಸ್ಟಿಂಗ್ ಮಾತ್ರ ನೆನಪಿರುತ್ತಿತ್ತು.

ಒಂದು ಮದುವೆಯಲ್ಲಿ ಅವರು ಮೈಕ್ ಆರಿಸುವುದನ್ನು ಮರೆತು, ಪಕ್ಕದಲ್ಲಿ ಕೂತವರ ಕಿವಿಯಲ್ಲಿ "ಊಟಕ್ಕೆ ಉಪ್ಪು ಹಾಕೋದೇ ಮರೆತಿದ್ದಾರೆ, ಗಂಡಿನ ಚಿಕ್ಕಪ್ಪ ಮಾತ್ರ ಇನ್ನೂ ಎಲ್ಲಾ ಬಡಿಸಿಕೊಳ್ತಾನೇ ಇದ್ದಾನೆ ನೋಡಿ" ಎಂದುಬಿಟ್ಟರು. ಇಡೀ ಬೀದಿಗೆ ಕೇಳಿಸಿತು. ಆ ಚಿಕ್ಕಪ್ಪ ಆಮೇಲೆ ಎಷ್ಟೋ ವರ್ಷ ಮಾಮನನ್ನು ಕಂಡರೆ ರಸ್ತೆ ದಾಟಿ ಆ ಕಡೆ ನಡೆಯುತ್ತಿದ್ದ. ಮಾಮ ಇದನ್ನು ನೆನೆಸಿಕೊಂಡು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಆ ನಗುವಿಗೂ ಆಗ ಸದ್ದಿತ್ತು.

ಹೊಟ್ಟೆಪಾಡು ಮೈಕ್ ಸೆಟ್ಟಾದರೆ, ಪ್ರಾಣ ಹ್ಯಾಮ್ ರೇಡಿಯೊ, ಮನೆಯಲ್ಲೇ ಕೂತು ದೂರದೂರಿನವರ ಜೊತೆ ಗಾಳಿಯಲ್ಲಿ ಮಾತಾಡುವ ಹವ್ಯಾಸ. ಹರೆಯದಲ್ಲೇ ಪರೀಕ್ಷೆ ಕಟ್ಟಿ ಲೈಸೆನ್ಸ್ ತೆಗೆದುಕೊಂಡಿದ್ದರು. ಬಸ್ಸಿನಲ್ಲಿ ಅರ್ಧ ದಿನದ ದಾರಿಯಾಚೆಯ ಊರಿನಲ್ಲಿ ಗಡಿಯಾರ ರಿಪೇರಿ ಮಾಡುವವರೊಬ್ಬರು ಅದೇ ವರ್ಷ ಲೈಸೆನ್ಸ್ ತೆಗೆದಿದ್ದರು. ಗಾಳಿಯಲ್ಲೇ ಇಬ್ಬರಿಗೂ ಗೆಳೆತನ ಬೆಳೆಯಿತು. ಒಂದು ದಿನ ಮಾಮ ಆ ಗೆಳೆಯರ ರೇಡಿಯೊ ಹೇಗಿದೆ ನೋಡಿ ಬರೋಣವೆಂದು ಬಸ್ಸು ಹತ್ತಿದರು. ರೇಡಿಯೊ ನೋಡಲು ಹೋದವರು, ಕಾಫಿ ತಂದಿಟ್ಟ ಗೆಳೆಯರ ತಂಗಿಯನ್ನು ನೋಡಿಕೊಂಡು ಬಂದರು. ವರ್ಷ ತುಂಬುವುದರೊಳಗೆ ಮದುವೆಯಾಯಿತು. ಅಂದಿನಿಂದ ಇವರು ಅವರಿಗೆ ಭಾವ, ಅವರು ಇವರಿಗೆ ಭಾವ. ದಿನವೂ ಬೆಳಿಗ್ಗೆ ಅಂಗಡಿ ತೆಗೆಯುವ ಮುಂಚೆ "ಹೇಳಿ ಭಾವ", "ನೀವು ಹೇಳಿ ಭಾವ" ಎಂದು ಇಬ್ಬರೂ ರೇಡಿಯೊ ಮುಂದೆ ಕೂತರೆ, ಅಡುಗೆಮನೆಯಿಂದ ಹೆಂಡತಿ "ಇಬ್ಬರೂ ಹೇಳಿ ಹೇಳಿ ಅಂತೀರಲ್ಲ, ಯಾರಾದರೊಬ್ಬರು ಏನಾದರೂ ಹೇಳ್ರಪ್ಪಾ" ಎಂದು ರೇಗಿಸುತ್ತಿದ್ದಳು.

ಆ ಕಂಠಕ್ಕೇ ಗೆಡ್ಡೆ ಬಂತು. ಯಾರ ದೃಷ್ಟಿ ತಾಗಿತೋ, ಇದಕ್ಕೆ ಯಾರನ್ನು ಬೈಯಬೇಕೋ ಗೊತ್ತಿಲ್ಲ. ಆಪರೇಷನ್ ಮಾಡಿ ಧ್ವನಿಪೆಟ್ಟಿಗೆಯನ್ನೇ ತೆಗೆದರು. ಕುತ್ತಿಗೆಯ ಬುಡದಲ್ಲಿ ಉಸಿರಾಡಲು ಒಂದು ತೂತು, ಅದರ ಮುಂದೆ ಮಗುವಿಗೆ ಕಟ್ಟುವಂಥ ಬಟ್ಟೆ. ಮೂಗಿನಿಂದ ಉಸಿರು ಓಡಾಡುವುದು ನಿಂತಿದ್ದರಿಂದ ವಾಸನೆಯೂ ಹೋಯಿತು. ಇದನ್ನು ಯಾವ ಡಾಕ್ಟರೂ ಮೊದಲೇ ಹೇಳಿರಲಿಲ್ಲ. ಸೆಟ್ಟು ಕೆಟ್ಟರೆ ಮುಚ್ಚಳ ತೆಗೆದು ಒಂದು ಸಲ ಮೂಸಿ, ಸುಟ್ಟ ಭಾಗ ಇದೇ ಎಂದು ಬೆರಳಿಡುತ್ತಿದ್ದ ಮನುಷ್ಯನಿಗೆ ಈಗ ಸ್ವಂತ ಬೆವರಿನ ವಾಸನೆಯೂ ಇಲ್ಲ.

ಮಾತಾಡುವುದಕ್ಕೆ ಉಳಿದದ್ದು ತುಟಿ, ಕೇಳುವುದಕ್ಕೆ ಹೆಂಡತಿಯ ಕಣ್ಣು. ಅವಳು ಬೇಗ ಕಲಿತಳು. ಮಾಮ ತುಟಿ ಆಡಿಸಿದರೆ ಸಾಕು, ಸೊಸೈಟಿಯಲ್ಲಿ ಸಕ್ಕರೆ ಬಂದಿದೆಯಂತೆ ಎಂಬಲ್ಲಿಂದ ಹಿಡಿದು ನಿನ್ನ ಅಣ್ಣ ಶುದ್ಧ ಪೆದ್ದ ಎಂಬಲ್ಲಿವರೆಗೆ ಎಲ್ಲವನ್ನೂ ಓದುತ್ತಿದ್ದಳು. ಜಗಳ ಬಂದಾಗ ಮಾತ್ರ ಅವಳ ಕೈ ಮೇಲು. ಒಲೆಯ ಕಡೆ ತಿರುಗಿ, ಬೆನ್ನು ತೋರಿಸಿ "ಈಗ ಬೈಯಿರಿ, ಎಷ್ಟು ಬೈತೀರೋ ಬೈಯಿರಿ" ಎನ್ನುತ್ತಿದ್ದಳು. ಮಾಮ ತಟ್ಟೆ ತೆಗೆದುಕೊಂಡು ನೆಲಕ್ಕೆ ಕುಟ್ಟುತ್ತಿದ್ದರು. ಅವಳು ತಿರುಗಿ ನೋಡಿ ನಗುತ್ತಿದ್ದಳು, ಜಗಳ ಅಲ್ಲಿಗೆ ಮುಗಿಯುತ್ತಿತ್ತು.

ಬಾಯಿ ಹೋದರೇನು, ಹ್ಯಾಮ್‌ಗಳಿಗೆ ಮೋರ್ಸ್ ಇದೆಯಲ್ಲ, ಉದ್ದ ಗಿಡ್ಡ ಸದ್ದಿನ ಭಾಷೆ, ಬೆರಳಲ್ಲೇ ಮಾತಾಡಬಹುದು ಎಂದು ಭಾವ ಧೈರ್ಯ ತುಂಬಿದ್ದರು. ಆದರೆ ಆಪರೇಷನ್ ಆದಮೇಲೆ ಕೊಟ್ಟ ಔಷಧಿಗಳು ಬೆರಳಿನ ನರಗಳನ್ನು ತಿಂದುಹಾಕಿದ್ದವು. ಮೋರ್ಸ್ ಬಡಿಯುವ ಕೀಲಿ ಒತ್ತಲು ಹೋದರೆ ಕೈ ಗಡಗಡ ನಡುಗಿ ಒಂದು ಗಿಡ್ಡ ನಾಲ್ಕಾಗುತ್ತಿತ್ತು. "ನಿಮ್ಮ ಮೋರ್ಸ್ ಡಾಕ್ಟರ್ ಬರೆದ ಚೀಟಿ ಥರ ಆಗಿದೆ ಭಾವ, ಒಂದಕ್ಷರ ತಿಳೀತಿಲ್ಲ" ಎಂದು ಅವರು ತಮಾಷೆ ಮಾಡಿದರು. ಮಾಮನಿಗೆ ಅದು ತಮಾಷೆಯಾಗಿ ಕೇಳಲಿಲ್ಲ. ರೇಡಿಯೊಗೆ ಬಟ್ಟೆ ಹೊದಿಸಿ, ಮಂಚದ ಮೇಲೆ ಗೋಡೆ ಕಡೆ ಮುಖ ಮಾಡಿ ಮಲಗಿದರು. ಒಂದೆರಡು ದಿನವಲ್ಲ, ಇಡೀ ಒಂದು ಬೇಸಿಗೆ. ಊಟ ಎರಡು ತುತ್ತಿಗಿಳಿಯಿತು. ಹೆಂಡತಿ ಹತ್ತಿರ ಬಂದು ಕೂತರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಕಣ್ಣು ಮುಚ್ಚಿದ ಮೂಕನ ಜೊತೆ ಯಾರು ಏನು ಮಾತಾಡುತ್ತಾರೆ ಹೇಳಿ.

ಆಗ ಭಾವ ಮೊಬೈಲಿಗೆ ಒಂದು ಮೆಸೇಜು ಕಳಿಸಿದರು. ತುಂಬ ತಗ್ಗಿನ ಅಲೆಗಳಲ್ಲಿ, ತುಂಬ ನಿಧಾನವಾಗಿ ಮೋರ್ಸ್ ಕಳಿಸುವವರಿದ್ದಾರಂತೆ. ಒಂದು ಗಿಡ್ಡಕ್ಕೆ ಒಂದು ನಿಮಿಷ, ಒಂದು ಉದ್ದಕ್ಕೆ ಮೂರು ನಿಮಿಷ. ಕಿವಿಯಲ್ಲಿ ಕೇಳುವಂಥದ್ದಲ್ಲ, ಆ ಕಡೆಯವರು ಕಂಪ್ಯೂಟರ್ ಪರದೆಯ ಮೇಲೆ ನೋಡುವಂಥದ್ದು. ಪರದೆ ತುಂಬ ಗದ್ದಲ ಚುಕ್ಕೆ ಚುಕ್ಕೆಯಾಗಿ ಸುರಿಯುತ್ತಿರುತ್ತದೆ, ಅದರ ನಡುವೆ ಸಣ್ಣ ಗೆರೆಯೊಂದು ಮೂಡುತ್ತದೆ. "ನಿಮಿಷಗಟ್ಟಲೆ ಒತ್ತಿ ಹಿಡಿಯೋದಕ್ಕೆ ಕೈ ನಡುಗಿದರೂ ಅಡ್ಡಿಯಿಲ್ಲ ಭಾವ. ನಿಮ್ಮ ಆಂಪ್ಲಿಫೈಯರ್‌ಗಳು ಮಂಚದ ಕೆಳಗೆ ಕೊಳೀತಿವೆಯಲ್ಲ, ಅವೇ ಸಾಕಂತೆ. ನಾನಿಲ್ಲಿ ಕಂಪ್ಯೂಟರ್ ಮುಂದೆ ಕೂತು ನೋಡ್ತೀನಿ."

ಕೊಳೆಯುತ್ತಿದ್ದದ್ದು ನಿಜ. ಹೊಸ ಡಿಜೆ ಹುಡುಗರು ಎದೆ ನಡುಗಿಸುವ ಪೆಟ್ಟಿಗೆ ತಂದಮೇಲೆ ಮಾಮನ ಸೆಟ್ಟನ್ನು ಕೇಳುವವರೇ ಇರಲಿಲ್ಲ. ಮಾಮ ಆ ಮೆಸೇಜನ್ನು ಮತ್ತೆ ಮತ್ತೆ ಓದಿದರು. ಸಂಜೆ ಎದ್ದು, ಮಂಚದ ಕೆಳಗೆ ಕೈಹಾಕಿ, ಎಲ್ಲಕ್ಕಿಂತ ದೊಡ್ಡ ಆಂಪ್ಲಿಫೈಯರನ್ನು ಎಳೆದರು. ಅದು ನೆಲಕ್ಕೆ ಉಜ್ಜಿದ ಸದ್ದು ಕೇಳಿ ಹೆಂಡತಿ ಓಡಿಬಂದಳು. ಬಾಗಿಲಲ್ಲಿ ನಿಂತು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಆಂಪ್ಲಿಫೈಯರ್ ಮಾಡಿರುವುದು ಮನುಷ್ಯರ ಕಿವಿಗಾಗಿ. ಕಿವಿಗೆ ಕೇಳದಷ್ಟು ಮೇಲಿನ ಕಂಪನವನ್ನು ಅದು ಒಳಗೆ ಬಿಡುವುದಿಲ್ಲ, ತಡೆಯಲೆಂದೇ ಕೆಲವು ಕೆಪಾಸಿಟರ್‌ಗಳನ್ನು ಕೂರಿಸಿರುತ್ತಾರೆ. ಆದರೆ ರೇಡಿಯೊ ಅಲೆಗಳಲ್ಲಿ ತೀರ ತಗ್ಗಿನವು ಕಿವಿಯ ಹದ್ದಿಗಿಂತ ಸ್ವಲ್ಪವೇ ಮೇಲಿವೆ. ತಡೆಯುವವರನ್ನು ಕಿತ್ತು ಹಾಕಿದರೆ ಹಾಡಿನ ಪೆಟ್ಟಿಗೆಯೂ ಅಲ್ಲಿಗೆ ಏರುತ್ತದೆ. ಮಾಮ ಅದನ್ನು ಮಹಡಿಯ ಕೋಣೆಗೆ ಸಾಗಿಸಿ ಒಂದೊಂದನ್ನೇ ಕಿತ್ತರು. ಬೆಸುಗೆ ಹಾಕುವಾಗ ಎಡಗೈಯಿಂದ ಬಲಗೈಯ ಮಣಿಕಟ್ಟು ಬಿಗಿಹಿಡಿದುಕೊಳ್ಳುತ್ತಿದ್ದರು. ಹಾರ್ನಿನ ಬದಲು ಒಂದು ಬಲ್ಬು ಕಟ್ಟಿ ಮೊದಲ ಸಲ ಚಾಲೂ ಮಾಡಿದಾಗ ಬಲ್ಬು ಝಗ್ಗನೆ ಹೊತ್ತಿತು. ಮಾಮನ ಮುಖವೂ ಹೊತ್ತಿತು.

"ರೀ, ಏನೋ ಸುಡ್ತಿದೆ!" ಕೆಳಗೆ ಅಡುಗೆಮನೆಯಿಂದ ಹೆಂಡತಿ ಕೂಗಿದಳು.

ಮಾಮ ಸ್ವಿಚ್ ಆರಿಸಿ ಮುಚ್ಚಳ ತೆಗೆದರು. ಹಾರ್ನಿಗೆ ಹೋಗುವ ದಾರಿಯಲ್ಲಿ ಕೂತಿದ್ದ ಪುಟ್ಟ ರೆಸಿಸ್ಟರ್ ಒಂದು ಕಾದು ಕಪ್ಪಾಗಿತ್ತು. ಇನ್ನೊಂದು ಗಳಿಗೆ ಬಿಟ್ಟಿದ್ದರೆ ಅದರ ಹಿಂದೆ ಪವರ್ ಟ್ರಾನ್ಸಿಸ್ಟರ್‌ಗಳೆಲ್ಲ ಸಾಲಾಗಿ ಹೋಗುತ್ತಿದ್ದವು. ಇವರ ಮೂಗಿನ ಕೆಳಗೇ ಸುಡುತ್ತಿದ್ದರೂ ಇವರಿಗೆ ತಿಳಿದಿರಲಿಲ್ಲ. ಅಂದಿನಿಂದ ಹೆಂಡತಿ ಕುರ್ಚಿ ಹಾಕಿಕೊಂಡು ಪಕ್ಕದಲ್ಲೇ ಕೂರತೊಡಗಿದಳು. "ನಿಮ್ಮ ತುಟಿಗೆ ನಾನು ಕಿವಿ ಆಗಿದ್ದು ಸಾಲದು ಅಂತ ಈಗ ಮೂಗೂ ಆಗಬೇಕಾಯ್ತು" ಎಂದಳು. ಸುಟ್ಟ ವಾಸನೆ ಪರದೆಗಳಿಗೆ ಹತ್ತಿಕೊಂಡು ಎರಡು ದಿನವಾದರೂ ಹೋಗುವುದಿಲ್ಲವೆಂದು ಗೊಣಗಿ ಎಲ್ಲವನ್ನೂ ಒಗೆದು ಹಾಕಿದಳು.

ತಗ್ಗಿನ ಅಲೆಗೆ ಭಾರಿ ಸುರುಳಿ ಬೇಕು. ನೀರು ತುಂಬುವ ಪ್ಲಾಸ್ಟಿಕ್ ಡ್ರಮ್ಮಿಗೆ ತಾಮ್ರದ ತಂತಿ ಸುತ್ತಿದರು. ತಾರಸಿಯ ಮೇಲೆ ಅವಳು ಡ್ರಮ್ ತಿರುಗಿಸುವುದು, ಅವರು ತಂತಿ ಬಿಗಿಹಿಡಿದು ಪಕ್ಕಪಕ್ಕಕ್ಕೆ ಕೂರಿಸುವುದು. ನಡುಗುವ ಕೈಯಲ್ಲಿ ಸುತ್ತು ಜಾರಿದರೆ ಬಿಚ್ಚಿ ಮತ್ತೆ ಸುತ್ತುವುದು. ಬಿಸಿಲಿಗೆ ಇಬ್ಬರೂ ಕಪ್ಪಾದರು. ಪಕ್ಕದ ಮನೆಯಾಕೆ ಬಟ್ಟೆ ಒಣಗಿಸಲು ಬಂದು "ಏನ್ರಮ್ಮ, ಈ ವಯಸ್ಸಲ್ಲಿ ಇಬ್ಬರೂ ಆಟ ಆಡ್ತಿದ್ದೀರಾ?" ಎಂದು ಕೇಳಿದರೆ ಹೆಂಡತಿಗೆ ನಾಚಿಕೆಯಾಯಿತು. ಡ್ರಮ್ಮಿನ ತುದಿಯಿಂದ ಮುಚ್ಚಿಹೋದ ಹಿಟ್ಟಿನ ಗಿರಣಿಯ ಚಿಮಣಿಯವರೆಗೆ ಉದ್ದದ ತಂತಿ ಎಳೆದರು. ಆಪರೇಷನ್ ಆದಮೇಲೆ ಅವರಿಬ್ಬರೂ ಸುಖವಾಗಿದ್ದರೆಂದರೆ ಅದೇ ದಿನಗಳು, ಮತ್ತೆ ಅಂಥದ್ದು ಬರಲಿಲ್ಲ.

ಯಾವ ಅಕ್ಷರ ಕಳಿಸುವುದು ಎಂದು ಇಬ್ಬರು ಭಾವಂದಿರೂ ಮೊದಲೇ ಮೆಸೇಜಿನಲ್ಲಿ ಮಾತಾಡಿಕೊಂಡರು. ಇಷ್ಟು ನಿಧಾನದ ಕೆಲಸದಲ್ಲಿ ದಿನಕ್ಕೊಂದೇ ಅಕ್ಷರ, ಅದನ್ನೇ ಮಧ್ಯಾಹ್ನವಿಡೀ ತಿರುತಿರುಗಿಸಿ ಕಳಿಸಬೇಕು. ನೋಡುವವನಿಗೂ ಏನು ಹುಡುಕಬೇಕೆಂದು ಗೊತ್ತಿದ್ದರೆ ಸುಲಭ. ಉದ್ದ, ಗಿಡ್ಡ, ಉದ್ದ. ಹ್ಯಾಮ್‌ಗಳ ಬಳಕೆಯಲ್ಲಿ ಅದಕ್ಕೆ ಅರ್ಥ, ನನ್ನದಾಯಿತು, ಈಗ ನೀನು ಮಾತಾಡು. ಆ ಒಂದಕ್ಷರ ಮುಗಿಯುವಷ್ಟರಲ್ಲಿ ಕಾಫಿ ಮಾಡಿ ಕುಡಿದು ಲೋಟ ತೊಳೆದಿಡಬಹುದಿತ್ತು.

ಮೊದಲ ದಿನ ಏನೂ ಕಾಣಲಿಲ್ಲವೆಂದು ಭಾವನ ಮೆಸೇಜು. ಆ ವಾರವೆಲ್ಲ ಅದೇ. ಆ ತಿಂಗಳೂ ಅದೇ. ಮಾಮ ಸುರುಳಿ ಬಿಚ್ಚಿ ಸುತ್ತಿದರು, ನೆಲದಲ್ಲಿ ಹೊಸ ಅರ್ತಿಂಗ್ ಹೂತರು, ನೀರು ಸುರಿದರು. ಊಟ ಮತ್ತೆ ಎರಡು ತುತ್ತಿಗೆ ಬಂತು. ಮಂಚದ ಮೇಲೆ ಮುಖ ಗೋಡೆಗೆ ತಿರುಗಿದ ಒಂದು ಮಧ್ಯಾಹ್ನ ಮೊಬೈಲು ಗುರ್ ಎಂದಿತು. "ಕಂಡಿತು ಭಾವ! ಸಣ್ಣಗೆ, ಆದರೆ ಕಂಡಿತು. ಉದ್ದ, ಗಿಡ್ಡ, ಉದ್ದ."

ಮಾಮ ಹೆಂಡತಿಗೆ ಮೊಬೈಲ್ ತೋರಿಸಿ, ತುಟಿಯಲ್ಲಿ ದೊಡ್ಡದಾಗಿ "ಹಲೋ, ಟೆಸ್ಟಿಂಗ್" ಅಂದರು. ಅವಳಿಗೆ ಅಳುವೋ ನಗುವೋ ಏನು ಬಂತೋ ಗೊತ್ತಾಗಲಿಲ್ಲ. ಅಂದು ಮಾಮ ಎರಡನೇ ಸಲ ಬಡಿಸಿಕೊಂಡರು. ಆಮೇಲೆ ದಿನಾ ಮಧ್ಯಾಹ್ನ ಕಳಿಸುವುದು, ದಿನಾ ಸಂಜೆ ಮೆಸೇಜು. ಇವತ್ತು ಸ್ವಲ್ಪ ಮಂಕು, ಇವತ್ತು ಪರವಾಗಿಲ್ಲ, ಇವತ್ತು ದಾರದ ಹಾಗೆ ಸ್ಪಷ್ಟ. ಭಾವನದು ಗುಂಡಿ ಒತ್ತುವ ಹಳೇ ಫೋನು, ಫೋಟೊ ಗೀಟೊ ಬರುತ್ತಿರಲಿಲ್ಲ. ಬೇಕೂ ಇರಲಿಲ್ಲ. ಭಾವನ ಮಾತೇ ಸಾಕಿತ್ತು. ತಾನು ಇನ್ನೂ ಮಾತಾಡುವವರ ಪೈಕಿ, ತನ್ನನ್ನು ಇನ್ನೂ ಒಬ್ಬರು ಕೇಳುತ್ತಿದ್ದಾರೆ, ಅದೂ ಅಷ್ಟು ದೂರದಲ್ಲಿ. ಆ ಒಂದು ನಂಬಿಕೆಯ ಮೇಲೆ ಮಾಮ ವರ್ಷಕ್ಕೂ ಮೇಲ್ಪಟ್ಟು ಬದುಕಿದರು.

ಆಮೇಲೆ ನುಂಗುವಾಗ ನೋವು ಬಂತು. ದೊಡ್ಡಾಸ್ಪತ್ರೆಗೆ ಹೋದರು. ಬೆಳಿಗ್ಗೆ ಹೋದವರನ್ನು ಆ ಬಾಗಿಲು, ಈ ಬಾಗಿಲು, ರಕ್ತ, ಸ್ಕ್ಯಾನು ಎಂದು ಓಡಾಡಿಸಿ, ಸಂಜೆಯಾಗುವ ಹೊತ್ತಿಗೆ ಡಾಕ್ಟರು ಒಳಗೆ ಕರೆದರು. ಪಾಪ, ಚಿಕ್ಕ ವಯಸ್ಸಿನ ಡಾಕ್ಟರು, ಮಾಮನ ಮುಖ ನೋಡದೆ ಹೆಂಡತಿಯ ಕಡೆ ನೋಡಿ ಹೇಳಿದರು. ಗೆಡ್ಡೆ ಮತ್ತೆ ಬಂದಿದೆ, ಈ ಸಲ ಆಪರೇಷನ್ ಆಗುವ ಜಾಗದಲ್ಲಿಲ್ಲ, ನೋವಿಗೆ ಮಾತ್ರೆ ಬರೆಯುತ್ತೇನೆ. ಹೊರಗೆ ಬಂದು ಇಬ್ಬರೂ ಕಾರಿಡಾರಿನ ಕಬ್ಬಿಣದ ಬೆಂಚಿನ ಮೇಲೆ ಕೂತರು. ಎದುರಿಗೆ ಒಬ್ಬಾಕೆ ನೆಲ ಒರೆಸುತ್ತಾ "ಕಾಲೆತ್ತಿ" ಎಂದಳು. ಇಬ್ಬರೂ ಕಾಲೆತ್ತಿದರು. ಆಗ ಮಾಮನ ಜೇಬಿನಲ್ಲಿ ಮೊಬೈಲು ಗುರ್ ಎಂದಿತು.

"ಇವತ್ತು ದಾರದ ಹಾಗೆ ಸ್ಪಷ್ಟ ಭಾವ. ಇಷ್ಟು ದಿನದಲ್ಲಿ ಇದೇ ಚೆನ್ನ."

ಮಾಮ ಓದಿದರು. ಮತ್ತೆ ಓದಿದರು. ಮನೆಯಲ್ಲಿ ಆಂಪ್ಲಿಫೈಯರ್ ಆರಿಸಿಟ್ಟು, ಪ್ಲಗ್ ಕಿತ್ತು, ಬೀಗ ಹಾಕಿಕೊಂಡು ಬಂದಿದ್ದರು. ಆಸ್ಪತ್ರೆಗೆ ಹೋಗುವ ವಿಷಯ ಭಾವನಿಗೆ ಹೇಳಿರಲಿಲ್ಲ, ಸುಮ್ಮನೆ ಅವರಿಗೂ ಯೋಚನೆ ಯಾಕೆಂದು.

"ಯಾರದು?" ಹೆಂಡತಿ ಕೇಳಿದಳು.

ಯಾರೂ ಅಲ್ಲ ಎಂದು ತುಟಿ ಆಡಿಸಿ ಮೊಬೈಲ್ ಜೇಬಿಗಿಟ್ಟುಕೊಂಡರು. ಸಾವು ಬರುತ್ತದೆಂದು ಅವರಿಗೆ ಒಳಗೊಳಗೇ ಗೊತ್ತಿತ್ತು, ಇದು ಗೊತ್ತಿರಲಿಲ್ಲ.

ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಮನಸ್ಸಿಗೆ ನೂರು ಸಮಾಧಾನ ಹೇಳಿಕೊಂಡರು. ನಿನ್ನೆಯ ಮೆಸೇಜು ಇವತ್ತು ಬಂದಿರಬಹುದು. ಭಾವ ದಿನ ತಪ್ಪಿ ನೋಡಿರಬಹುದು. ಬೇರೆ ಯಾರೋ ಪುಣ್ಯಾತ್ಮ ಅದೇ ಜಾಗದಲ್ಲಿ ಅದೇ ಅಕ್ಷರ ಕಳಿಸಿರಬಹುದು. ಒಂದೂ ನಿಲ್ಲಲಿಲ್ಲ. ಮಾರನೇ ದಿನ ಊಟ ಮುಗಿಸಿ ಯಾವತ್ತಿನ ಹಾಗೆ ಮಹಡಿ ಹತ್ತಿದರು. ಹೆಂಡತಿ ಪಕ್ಕದ ಕುರ್ಚಿಯಲ್ಲಿ ಸೊಪ್ಪು ಬಿಡಿಸುತ್ತಾ ಕೂತಳು. ಮಾಮ ಸ್ವಿಚ್ ಒತ್ತಿದರು, ದೀಪ ಹತ್ತಿತು, ಫ್ಯಾನು ಗುಂಯ್‌ಗುಟ್ಟಿತು. ಆದರೆ ಸುರುಳಿಗೆ ಹೋಗುವ ವೈರನ್ನು ಅವಳು ಬರುವ ಮೊದಲೇ ಕಳಚಿಟ್ಟಿದ್ದರು. ಮಧ್ಯಾಹ್ನವಿಡೀ ಎಲ್ಲೂ ಹೋಗದ ಅಕ್ಷರವನ್ನು ಕೀಲಿ ಒತ್ತಿ ಒತ್ತಿ ಕಳಿಸಿದರು.

ಆ ಸಂಜೆಗಾಗಿ ಮಾಮ ಕಾದ ಹಾಗೆ ಜನ್ಮದಲ್ಲಿ ಯಾವುದಕ್ಕೂ ಕಾದಿರಲಿಲ್ಲ. ಇವತ್ತು ಏನೂ ಕಾಣಲಿಲ್ಲ ಭಾವ. ಆ ಒಂದು ಸಾಲು ಸಾಕಿತ್ತು. ಅಷ್ಟು ಬಂದರೆ ನಿನ್ನೆಯದನ್ನು ಮರೆತುಬಿಡುತ್ತೇನೆ, ಹಿಂದಿನದೆಲ್ಲ ನಿಜವೆಂದೇ ನಂಬುತ್ತೇನೆ ಎಂದು ತಮಗೆ ತಾವೇ ಮಾತು ಕೊಟ್ಟುಕೊಂಡರು. ಕಾಣಬಾರದು, ದೇವರೇ, ಇವತ್ತು ಅವರಿಗೆ ಕಾಣಬಾರದು.

ಮೊಬೈಲು ಗುರ್ ಎಂದಿತು. "ಇವತ್ತೂ ಚೆನ್ನಾಗಿ ಕಂಡಿತು ಭಾವ. ಬಿಡಬೇಡಿ, ಹೀಗೇ ನಡೆಸಿ."

ಅಷ್ಟೂ ದಿನದ ಮೆಸೇಜುಗಳು ಒಟ್ಟಿಗೆ ಕುಸಿದುಬಿದ್ದವು. ಯಾವುದು ನಿಜ? ಮೊದಲನೆಯದು? ಒಂದಾದರೂ? ಬೇಕೆಂದೇ ಹೇಳಿದ ಸುಳ್ಳೋ, ಕಾಣಲೇಬೇಕೆಂಬ ಆಸೆಗೆ ಗದ್ದಲದಲ್ಲಿ ಗೆರೆ ಕಂಡಿತೋ? ಭಾವನ ಮೇಲೆ ಸಿಟ್ಟು ಬಂತು. ಮರುಗಳಿಗೆಗೆ ಆ ಸಿಟ್ಟೂ ನಿಲ್ಲಲಿಲ್ಲ. ನಾನು ಗೋಡೆ ಕಡೆ ತಿರುಗಿ ಮಲಗಿದ್ದಾಗಲೇ ಅಲ್ಲವೇ ಮೊದಲ ಮೆಸೇಜು ಬಂದದ್ದು? ಸಾಯುವವನಿಗೆ ಸುಳ್ಳು ಹೇಳಿ ಅನ್ನ ತಿನ್ನಿಸಿದ ಮನುಷ್ಯನನ್ನು ಬೈಯುವುದು ಹೇಗೆ? ಬೈಯುವುದಕ್ಕಾದರೂ ಬಾಯಿ ಬೇಕಲ್ಲ.

ಮಾಮನಿಗೆ ಈಗ ಉಳಿದದ್ದು ಒಂದೇ ಆಸೆ. ಒಂದು ಸಲ, ಒಂದೇ ಒಂದು ಸಲ, ತಾನು ಕಳಿಸಿದ್ದು ನಿಜವಾಗಿಯೂ ಆ ಕಡೆ ತಲುಪಿದೆಯೆಂದು ತಿಳಿಯಬೇಕು. ತಲುಪಿಲ್ಲವಾದರೆ ಇಲ್ಲವೆಂದಾದರೂ ತಿಳಿಯಬೇಕು. ಸುಳ್ಳು ಹೇಳದ ಒಂದು ಜೊತೆ ಕಣ್ಣು ಆ ಪರದೆಯ ಮುಂದೆ ಕೂರಬೇಕು. ಅಂಥ ಕಣ್ಣು ಅವರಿಗೆ ಗೊತ್ತಿದ್ದದ್ದು ಲೋಕದಲ್ಲಿ ಒಂದೇ ಜೊತೆ, ದಿನಾ ಬೆಳಗಾದರೆ ಅವರ ತುಟಿ ಓದುವ ಕಣ್ಣು.

"ನಿಮ್ಮನ್ನ ಈ ಸ್ಥಿತಿಯಲ್ಲಿ ಬಿಟ್ಟು ನಾನೆಲ್ಲಿ ಹೋಗಲಿ ರೀ?" ಹೆಂಡತಿ ಒಪ್ಪಲಿಲ್ಲ.

ಒಂದೇ ರಾತ್ರಿ ಉಳಿದು ಬಾ, ನಿನ್ನ ಅಣ್ಣನನ್ನು ನೋಡಿ ಎಷ್ಟು ದಿನವಾಯಿತು ಎಂದು ಮಾಮನ ತುಟಿ ಹೇಳಿತು. ಆಮೇಲೆ ಅವಳ ಗಲ್ಲ ಹಿಡಿದು ಮುಖ ತಮ್ಮ ಕಡೆ ತಿರುಗಿಸಿಕೊಂಡು ನಿಧಾನವಾಗಿ, ಒಂದೊಂದೇ ಮಾತು ಆಡಿದರು. ನಿನ್ನ ಕಣ್ಣಿಂದ ನೋಡು. ಕಂಡರೆ ಕಂಡಿತು ಅನ್ನು. ಕಾಣದಿದ್ದರೆ ಕಾಣಲಿಲ್ಲ ಅಂತಲೇ ಅನ್ನು. ನನಗೆ ಬೇಜಾರಿಲ್ಲ. ಸುಳ್ಳು ಮಾತ್ರ ಬೇಡ ಕಣೇ.

"ಅಯ್ಯೋ, ನಾನ್ಯಾಕೆ ನಿಮಗೆ ಸುಳ್ಳು ಹೇಳಲಿ?" ಎಂದು ಅವಳು ಅವರ ಕೈ ಮೇಲೆ ಕೈಯಿಟ್ಟಳು. ಮಾರನೇ ದಿನ ಬೆಳಿಗ್ಗೆ ಎರಡು ಹೊತ್ತಿಗಾಗುವ ಗಂಜಿ ಮಾಡಿಟ್ಟು, ಮಾತ್ರೆಗಳನ್ನು ಸಾಲಾಗಿ ಜೋಡಿಸಿ, ಮೊದಲ ಬಸ್ಸಿಗೆ ಹೋದಳು. ಮನೆಯಲ್ಲಿದ್ದದ್ದು ಒಂದೇ ಮೊಬೈಲು, ಅದನ್ನು ಮಾಮನ ಹತ್ತಿರವೇ ಬಿಟ್ಟಳು. ಅಣ್ಣನ ಫೋನಿಂದ ತಾನೇ ಮೆಸೇಜು ಮಾಡುವುದೆಂದು ಮಾತಾಯಿತು.

ಮಾಮ ತಯಾರಿ ಜೋರಾಗಿ ಮಾಡಿದ್ದರು. ಇದು ಮಂಕು ಗೆರೆಯ ದಿನವಲ್ಲ, ಅವಳ ಕಣ್ಣಿಗೆ ಬಡಿಯುವಂತೆ ಬೀಳಬೇಕು. ಮಂಚದ ಕೆಳಗಿನಿಂದ ಎರಡನೇ ಆಂಪ್ಲಿಫೈಯರನ್ನೂ ಎಳೆದು, ಅದಕ್ಕೂ ಮೊದಲನೆಯದರ ಹಾಗೇ ಮಾಡಿ, ಎರಡನ್ನೂ ಒಂದಕ್ಕೊಂದು ಸೇರಿಸಿ ಕಟ್ಟಿದ್ದರು. ಗುಂಡಿಯನ್ನು ಎಂದೂ ತಿರುಗಿಸದಷ್ಟು ತಿರುಗಿಸಿದರು. ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ನೇರ ಮೇಜಿನ ಮೇಲೆ ಬಿದ್ದಿತ್ತು. ಪಕ್ಕದ ಕುರ್ಚಿ ಖಾಲಿಯಿತ್ತು. ಕೀಲಿ ಒತ್ತಿ ಹಿಡಿದರು. ಮೊದಲ ಉದ್ದ. ಮೀಟರಿನ ಮುಳ್ಳು ಕೊನೆಗೇ ಹೋಗಿ ನಿಂತಿತು. ಮಾಮ ಕಣ್ಣು ಮುಚ್ಚಿಕೊಂಡರು. ಈಗ ಅಲ್ಲಿ ಅವಳ ಮುಂದೆ ಗೆರೆ ಶುರುವಾಗಿರುತ್ತದೆ, ಈಗ ಬೆಳೆಯುತ್ತಿರುತ್ತದೆ, ಅವಳು ಅಣ್ಣನನ್ನು ಕರೆದು ತೋರಿಸುತ್ತಿರುತ್ತಾಳೆ.

ಕಣ್ಣು ತೆರೆದಾಗ ಬಿಸಿಲಿನ ಪಟ್ಟಿಯಲ್ಲಿ ಹೊಗೆ ಆಡುತ್ತಿತ್ತು. ಎಷ್ಟು ಹೊತ್ತಿನಿಂದ ಸುಡುತ್ತಿತ್ತೋ ದೇವರಿಗೇ ಗೊತ್ತು. ರೀ ಎಂದು ಕೂಗುವವರಿರಲಿಲ್ಲ. ಕೈ ಸ್ವಿಚ್ಚಿಗೆ ಹೋಗುವಷ್ಟರಲ್ಲಿ ಫಟ್ ಎಂದು ಒಂದು, ಹಿಂದೆಯೇ ಸಾಲಾಗಿ ಫಟ್ ಫಟ್. ದೀಪ ಆರಿತು, ಫ್ಯಾನು ನಿಂತಿತು, ಮುಳ್ಳು ಸೊನ್ನೆಗೆ ಬಂದು ಬಿತ್ತು. ಮೊದಲ ಉದ್ದವೂ ಮುಗಿದಿರಲಿಲ್ಲ.

ಕಣ್ಣನ್ನು ಅಲ್ಲಿಗೆ ಕಳಿಸಿದವರು ಮೂಗನ್ನೂ ಜೊತೆಗೇ ಕಳಿಸಿಬಿಟ್ಟಿದ್ದರು. ಇಷ್ಟು ಸಣ್ಣ ವಿಷಯ ಹೊಳೆಯಲಿಲ್ಲವಲ್ಲ ಎಂದು ಮಾಮ ಹಣೆ ಹಣೆ ಬಡಿದುಕೊಂಡರು. ಮುಚ್ಚಳ ತೆಗೆಯಲೂ ಹೋಗಲಿಲ್ಲ. ಕುರ್ಚಿಯಲ್ಲೇ ಕೂತು ಅತ್ತರು. ಕುತ್ತಿಗೆಯ ತೂತಿನಿಂದ ಗಾಳಿ ಸುಯ್ ಸುಯ್ ಎಂದಿತೇ ಹೊರತು ಅಳುವಿನ ಸದ್ದು ಬರಲಿಲ್ಲ. ಅತ್ತು ಮುಗಿದಮೇಲೆ ಸ್ವಲ್ಪ ಸಮಾಧಾನವಾಯಿತು. ಹೋಗಲಿ. ಸಂಜೆ ಅವಳ ಮೆಸೇಜು ಬರುತ್ತದೆ, ಏನೂ ಕಾಣಲಿಲ್ಲ ರೀ ಎಂದು. ಅದು ಸತ್ಯವಾಗಿರುತ್ತದೆ. ಅವಳು ಸತ್ಯ ಹೇಳುವವಳೆಂದು ಗೊತ್ತಾದರೆ, ಮಂಚದ ಕೆಳಗೆ ಇನ್ನೂ ಒಂದು ಆಂಪ್ಲಿಫೈಯರ್ ಇದೆ, ಹೇಗೋ ಮಾಡಿ ಸರಿಪಡಿಸಿ ಮತ್ತೊಂದು ಸಲ ಕಳಿಸಬಹುದು. ಅಷ್ಟು ದಿನ ಈ ಜೀವ ತಡೆದೀತು.

ಸಂಜೆ ಮೊಬೈಲು ಗುರ್ ಎಂದಿತು.

"ಕಂಡಿತು ರೀ. ಮೂರೂ ಕಂಡಿತು. ಉದ್ದ, ಗಿಡ್ಡ, ಉದ್ದ. ಅಣ್ಣನಿಗೂ ತೋರಿಸಿದೆ. ಗಂಜಿ ಕುಡಿದು ಮಾತ್ರೆ ತಗೊಳ್ಳಿ."

ಮಾಮ ಗಂಜಿ ಕುಡಿಯಲಿಲ್ಲ.

ಮಾರನೇ ದಿನ ಮಧ್ಯಾಹ್ನ ಅವಳು ಬಂದಳು. ಬಾಗಿಲು ದಾಟಿ ಒಂದು ಹೆಜ್ಜೆ ಒಳಗಿಟ್ಟವಳು ಅಲ್ಲೇ ನಿಂತಳು. ಮೂಗಿನ ಹೊಳ್ಳೆ ಅರಳಿದ್ದನ್ನು ಮಾಮ ಮಂಚದ ಮೇಲಿಂದ ನೋಡಿದರು. ಸುಟ್ಟ ವಾಸನೆ ಎರಡು ದಿನ ಹೋಗುವುದಿಲ್ಲವೆಂದು ಹೇಳಿದ್ದವಳು ಅವಳೇ. ಅವಳ ಕಣ್ಣು ಮಹಡಿಯ ಮೆಟ್ಟಿಲ ಕಡೆ ಹೋಯಿತು, ಅಲ್ಲಿಂದ ಮುಟ್ಟದ ಗಂಜಿಯ ಪಾತ್ರೆಯ ಕಡೆ ಬಂತು. ಏನೋ ಸುಟ್ಟಿದೆ ರೀ ಎಂದು ಅವಳು ಅನ್ನಲಿಲ್ಲ. ಚೀಲ ಕೆಳಗಿಟ್ಟು ಸೀದಾ ಒಲೆಯ ಹತ್ತಿರ ಹೋಗಿ, ಗಂಜಿ ಬಿಸಿಗಿಟ್ಟು, ಬೆನ್ನು ತಿರುಗಿಸಿಯೇ ಮಾತು ಶುರುಮಾಡಿದಳು.

"ಎಷ್ಟು ಚೆನ್ನಾಗಿ ಕಂಡಿತು ಅಂತೀರಿ. ಮೊದಲು ಒಂದು ಚುಕ್ಕೆ, ಆಮೇಲೆ ಹಾಗೇ ಬೆಳ್ಕೊಂಡು ಬಂತು. ಅಣ್ಣನ ಕಣ್ಣಲ್ಲಿ ಪೂರಾ ಮಂಜು ಕೂತಿದೆಯಂತೆ, ಗಡಿಯಾರದ ಅಂಗಡಿ ಮುಚ್ಚಿ ಎರಡು ವರ್ಷವಾಯ್ತಂತೆ, ನಮಗೆ ಹೇಳೇ ಇಲ್ಲ ನೋಡಿ. ಆದರೂ ನಾನು ಬೆರಳಿಟ್ಟು ತೋರಿಸಿದ್ದಕ್ಕೆ ಕಾಣಿಸ್ತು ಕಾಣಿಸ್ತು ಅಂದ. ನಿಮ್ಮ ಗೆರೆ ರೀ, ಎಷ್ಟು ನೇರವಾಗಿತ್ತು, ನಿಮ್ಮ ಕೈ ನಡುಗುತ್ತೆ ಅಂತ ಯಾರೂ ಹೇಳೋ ಹಾಗೇ ಇರಲಿಲ್ಲ."

ಅವಳು ನಿಲ್ಲಿಸದೆ ಮಾತಾಡುತ್ತಲೇ ಇದ್ದಳು. ಗಂಜಿ ಕುದಿದು ಉಕ್ಕಿದರೂ ಸೌಟು ತಿರುಗಿಸುತ್ತಾ ಒಲೆಯ ಕಡೆಯೇ ನಿಂತಿದ್ದಳು. ಮಾಮ ಎದ್ದು ಅಡುಗೆಮನೆಯ ಬಾಗಿಲಿಗೆ ಬಂದರು. ತಟ್ಟೆ ಕೈಗೆ ಸಿಗುವಷ್ಟು ಹತ್ತಿರದಲ್ಲೇ ಇತ್ತು. ತೆಗೆದುಕೊಂಡರು. ಒಂದು ಸಲ ಕುಟ್ಟಿದರೆ ಸಾಕಿತ್ತು, ಅವಳು ತಿರುಗಲೇಬೇಕಿತ್ತು. ತಟ್ಟೆಯನ್ನು ಸದ್ದಾಗದ ಹಾಗೆ ಮತ್ತೆ ಕೆಳಗಿಟ್ಟರು.

ಅವಳ ಬೆನ್ನಿಗೇ ಹೇಳಿದರು. ಸುಟ್ಟುಹೋಯಿತು ಕಣೇ. ಏನೂ ಹೋಗಲಿಲ್ಲ. ಎಂದೂ ಹೋಗಿರಲಿಲ್ಲವೋ ಏನೋ.

ಅವಳು ಒಲೆ ಆರಿಸಿ, ಸೆರಗಿನಿಂದ ಮುಖವೆಲ್ಲ ಒರೆಸಿಕೊಂಡು, ಗಂಜಿಯ ಬಟ್ಟಲು ಹಿಡಿದು ತಿರುಗಿದಳು. ಕಣ್ಣು ಕೆಂಪಾಗಿತ್ತು.

"ಏನಾದರೂ ಅಂದ್ರಾ?"

ಮಾಮ ಇಲ್ಲವೆಂದು ತಲೆಯಾಡಿಸಿ ಬಟ್ಟಲಿಗೆ ಕೈ ಚಾಚಿದರು.